ರಕ್ತದಲ್ಲಿದೆ, ರಿಪೋರ್ಟಿನಲ್ಲಿಲ್ಲ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಸೀಮೆಯಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಗಡದವರಿದ್ದಾರೆ. ಅವರು ಕಾರು ಇಟ್ಟುಕೊಳ್ಳುವುದಿಲ್ಲ, ಮನೆಗೆ ಕರೆಂಟಿನ ತಂತಿ ಎಳೆಸುವುದಿಲ್ಲ, ಓಡಾಟಕ್ಕೆಲ್ಲ ಕುದುರೆ ಗಾಡಿ. ಇಷ್ಟು ಕಟ್ಟುನಿಟ್ಟಿನ ಊರಿನಲ್ಲಿ ಒಬ್ಬನಿಗೆ ಮೇನಿಯಾ, ಅಂದರೆ ಉನ್ಮಾದ, ಬಂದರೆ ಗೊತ್ತಾಗುವುದು ಹೇಗೆ? ಜಾನಿಸ್ ಎಗ್‌ಲ್ಯಾಂಡ್ ಎಂಬ ಸಂಶೋಧಕಿ ಆ ಜನರ ನಡುವೆ ವರ್ಷಗಟ್ಟಲೆ ಓಡಾಡಿ ಲಕ್ಷಣಗಳ ಒಂದು ಪಟ್ಟಿಯನ್ನೇ ಮಾಡಿದರು. ಗಾಡಿಯ ಕುದುರೆಯನ್ನು ಮಿತಿಮೀರಿ ಓಡಿಸುವುದು, ದನಕರುಗಳ ಮೇಲೆ ಒರಟಾಗಿ ಕೈ ಮಾಡುವುದು, ಸಾರ್ವಜನಿಕ ಫೋನಿಗೆ ಅಂಟಿಕೊಂಡಿರುವುದು, ಕಾರು ಓಡಿಸಲು ಹೋಗುವುದು, ಕೆಲಸದ ಸುಗ್ಗಿಯಲ್ಲೇ ಪ್ರವಾಸಕ್ಕೆ ಹೊರಡುವುದು.

ನಮ್ಮ ಕಡೆ ಇದೇ ಕಾಯಿಲೆ ಬೇರೆ ಬಟ್ಟೆ ತೊಟ್ಟು ಬರುತ್ತದೆ. ರಾತ್ರಿ ಮೂರಕ್ಕೆ ನೆಂಟರಿಗೆಲ್ಲ ಫೋನು, ಒಂದೇ ವಾರದಲ್ಲಿ ಎರಡು ಬೈಕು, ಪಾಲುದಾರಿಕೆಯ ಕಾಗದಕ್ಕೆ ಕಣ್ಣುಮುಚ್ಚಿ ಸಹಿ, ನಿದ್ದೆಯಿಲ್ಲದೆಯೂ ಕುಂದದ ಹುರುಪು. ಆಮೇಲೆ ಒಂದು ದಿನ ಅದೆಲ್ಲ ಇಳಿದು, ಹಾಸಿಗೆಯಿಂದ ಏಳಲಾಗದ ತಿಂಗಳುಗಳು. ಮೇನಿಯಾ ಮತ್ತು ಖಿನ್ನತೆಯ ಈ ಏರಿಳಿತಕ್ಕೇ ಬೈಪೋಲಾರ್ ಕಾಯಿಲೆ ಎನ್ನುತ್ತಾರೆ. 2017ರ ಅಂದಾಜಿನಂತೆ ಭಾರತದಲ್ಲಿ ಸುಮಾರು 76 ಲಕ್ಷ ಮಂದಿಗೆ ಇದಿದೆ.

ಆಮಿಶರು ಇದನ್ನು 'ರಕ್ತದಲ್ಲೇ ಇದೆ' ಎನ್ನುತ್ತಿದ್ದರು. ನಮ್ಮಲ್ಲಿ 'ಅವರ ಮನೆತನದಲ್ಲೇ ಇದೆ' ಎನ್ನುತ್ತಾರೆ, ಅದೂ ಹೆಚ್ಚಾಗಿ ಹೆಣ್ಣು ಕೊಡುವ, ತರುವ ಮಾತು ಬಂದಾಗ, ತಗ್ಗಿದ ದನಿಯಲ್ಲಿ. ಈ ಮಾತಿನಲ್ಲಿ ನಿಜವೆಷ್ಟು, ಆ ನಿಜವನ್ನು ಒಬ್ಬ ವ್ಯಕ್ತಿಯ ರಕ್ತದಲ್ಲೋ ಸ್ಕ್ಯಾನಿನಲ್ಲೋ ಓದಲು ಬರುತ್ತದೆಯೇ ಎಂಬ ಹುಡುಕಾಟಕ್ಕೆ ಈಗ ನೂರು ವರ್ಷ. ಮೊದಲ ಪ್ರಶ್ನೆಗೆ ಉತ್ತರ ಗಟ್ಟಿಯಾಗುತ್ತ ಬಂದಿದೆ. ಎರಡನೆಯದು ಪ್ರತಿ ಸಲವೂ ಕೈಗೆ ಸಿಕ್ಕಂತೆ ಮಾಡಿ ಜಾರಿದೆ.

ಎಗ್‌ಲ್ಯಾಂಡ್ ತಂಡಕ್ಕೆ ಆಮಿಶರು ಸಿಕ್ಕಿದ್ದು ಒಂದು ಅದೃಷ್ಟವೇ. ಹದಿನೆಂಟನೇ ಶತಮಾನದಲ್ಲಿ ವಲಸೆ ಬಂದ ಕೆಲವೇ ದಂಪತಿಗಳ ಸಂತಾನ ಅದು, ವಂಶಾವಳಿ ಬರೆದಿಟ್ಟಿದ್ದರು, ಕುಡಿತ ಮತ್ತು ಮಾದಕ ವಸ್ತುಗಳ ಕಾಟ ಕಡಿಮೆ, ಆದ್ದರಿಂದ ರೋಗನಿರ್ಣಯದಲ್ಲಿ ಗೊಂದಲವೂ ಕಡಿಮೆ. ಒಂದು ದೊಡ್ಡ ಕುಟುಂಬದ ರಕ್ತ ಪರೀಕ್ಷಿಸಿ, ಕಾಯಿಲೆಗೆ ಕಾರಣವಾದ ಜೀನ್ 11ನೇ ವರ್ಣತಂತುವಿನ ತುದಿಯಲ್ಲಿದೆ ಎಂದು 1987ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತಿನ ಪತ್ರಿಕೆಗಳು ಮುಖಪುಟಕ್ಕೆ ಎತ್ತಿಕೊಂಡವು. ಎರಡೇ ವರ್ಷ. ಅದೇ ಕುಟುಂಬದಲ್ಲಿ ಆರೋಗ್ಯವಂತರ ಪಟ್ಟಿಯಲ್ಲಿದ್ದ ಇಬ್ಬರು ಕಾಯಿಲೆ ಬಿದ್ದರು, ಮತ್ತು ಅವರಲ್ಲಿ ಆ ಗುರುತು ಇರಲಿಲ್ಲ. ಕುಟುಂಬದ ಇನ್ನೊಂದು ಕವಲನ್ನು ಸೇರಿಸಿ ನೋಡಿದರೆ ಲೆಕ್ಕ ಇನ್ನಷ್ಟು ಕುಸಿಯಿತು. 1989ರಲ್ಲಿ ಅದೇ 'ನೇಚರ್'ನಲ್ಲಿ, ಅದೇ ತಂಡದ ಕೆಲವರ ಹೆಸರಿನಲ್ಲೇ, ಮೊದಲಿನ ಹಕ್ಕುಸಾಧನೆಗೆ ತಡೆ ಬಿತ್ತು. 2014ರಲ್ಲಿ ಆಮಿಶರ ಪೂರ್ಣ ಜೀನೋಮ್ ಓದಿದಾಗಲೂ ಇಡೀ ಕುಟುಂಬದ ಕಾಯಿಲೆಯನ್ನು ವಿವರಿಸಬಲ್ಲ ಒಂದು ಜೀನ್ ಸಿಗಲಿಲ್ಲ. ಅಷ್ಟು ಹತ್ತಿರದ ರಕ್ತಸಂಬಂಧಿಗಳಲ್ಲೇ ಕಾಯಿಲೆಗೆ ಹಲವು ದಾರಿಗಳಿದ್ದವು.

ಆಮಿಶರದು ಪ್ರಾಮಾಣಿಕ ಸೋಲು, ಅದನ್ನು ಬೇಗ ಒಪ್ಪಿಕೊಂಡದ್ದು ವಿಜ್ಞಾನದ ಮರ್ಯಾದೆ. ಅದಕ್ಕೂ ಹಿಂದೆ ಇನ್ನೊಂದು ಸೋಲು ಸಂಭವಿಸಿತ್ತು. ಅದನ್ನು ಯಾರೂ ಒಪ್ಪಿಕೊಳ್ಳಲಿಲ್ಲ.

ಮ್ಯೂನಿಕ್‌ನಲ್ಲಿ ಎರ್ನ್‌ಸ್ಟ್ ರ‍್ಯೂಡಿನ್ ಎಂಬ ಮನೋವೈದ್ಯ 1922ರಿಂದ 1925ರವರೆಗೆ ಈ ಕಾಯಿಲೆಯ ಆನುವಂಶಿಕತೆಯ ಮೇಲೆ ಭಾರಿ ಅಧ್ಯಯನ ನಡೆಸಿದ. ಮೆಂಡೆಲನ ಬಟಾಣಿ ಗಿಡಗಳ ಲೆಕ್ಕದಂತೆ ಇಂತಿಷ್ಟು ಮಕ್ಕಳಿಗೆ ಕಾಯಿಲೆ ಬರಬೇಕು ಎಂಬುದು ಅವನ ನಿರೀಕ್ಷೆ. ಅಂಕಿಗಳು ಒಪ್ಪಲಿಲ್ಲ. ರ‍್ಯೂಡಿನ್ ಅದನ್ನು ಪ್ರಕಟಿಸಲೇ ಇಲ್ಲ. ಆ ಹಸ್ತಪ್ರತಿ ವಿದ್ವಾಂಸರ ವಿಶ್ಲೇಷಣೆಯೊಂದಿಗೆ ಬೆಳಕಿಗೆ ಬಂದದ್ದು 2015ರಲ್ಲಿ. ಆದರೆ 1933ರ ಜುಲೈನಲ್ಲಿ ನಾಜಿ ಸರ್ಕಾರ 'ಆನುವಂಶಿಕ ರೋಗಿಗಳ' ಬಲವಂತದ ಸಂತಾನಹರಣ ಕಾನೂನು ತಂದಾಗ, ಅದರ ಅಧಿಕೃತ ವ್ಯಾಖ್ಯಾನ ಬರೆದವರಲ್ಲಿ ಅದೇ ರ‍್ಯೂಡಿನ್ ಇದ್ದ. ಕಾನೂನಿನ ರೋಗಪಟ್ಟಿಯಲ್ಲಿ ಉನ್ಮಾದ-ಖಿನ್ನತೆಯೂ, ಅಂದರೆ ಇಂದಿನ ಬೈಪೋಲಾರ್ ಕೂಡ, ಇತ್ತು. ಆ ಕಾನೂನಿನಡಿ ಒಟ್ಟು ಸುಮಾರು 4 ಲಕ್ಷ ಮಂದಿಗೆ ಶಸ್ತ್ರಚಿಕಿತ್ಸೆ ಆಯಿತು. ತನ್ನದೇ ಕಡತ ಬೇರೆ ಹೇಳುತ್ತಿದೆ ಎಂದು ಗೊತ್ತಿದ್ದ ಮನುಷ್ಯ ಅದರ ಹಿಂದೆ ನಿಂತಿದ್ದ. ಮನೋರೋಗದ ಜೀನ್ ಸಂಶೋಧಕರು ಇಂದಿಗೂ ಮಾತು ತೂಗಿ ಆಡುವುದಕ್ಕೆ ಈ ನೆನಪೂ ಒಂದು ಕಾರಣ.

ಹಾಗಾದರೆ ವಂಶದ ಪಾಲು ಎಷ್ಟು? ಅವಳಿಗಳ ಅಧ್ಯಯನಗಳು ಅದನ್ನು ಶೇ 60ರಿಂದ 80ರಷ್ಟು ಎನ್ನುತ್ತವೆ. ಮನೋರೋಗಗಳಲ್ಲಿ ಇದು ತೀರಾ ಹೆಚ್ಚಿನ ಪ್ರಮಾಣ. ಆದರೂ ಒಂದೇ ಅಂಡದಿಂದ ಹುಟ್ಟಿದ, ಒಂದೇ ಜೀನುಗಳ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಬಂದು ಇನ್ನೊಬ್ಬರು ಆರಾಮವಾಗಿರುವುದು ಸಾಮಾನ್ಯ. ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ಶೇ 5ರಿಂದ 10. ಸಾಮಾನ್ಯ ಜನರಿಗಿಂತ ಇದು ಹಲವು ಪಟ್ಟು ಜಾಸ್ತಿ, ನಿಜ. ಹಾಗಿದ್ದೂ ಇಂಥ ನೂರು ಮಕ್ಕಳಲ್ಲಿ ತೊಂಬತ್ತಕ್ಕೆ ಬೈಪೋಲಾರ್ ಬರುವುದಿಲ್ಲ.

ಒಂದು ಜೀನ್ ಹುಡುಕುವ ಆಸೆ ಬಿಟ್ಟ ಮೇಲೆ ಸಂಶೋಧನೆಯ ದಾರಿ ಬದಲಾಯಿತು. ಒಂದು ಕುಟುಂಬದ ಬದಲು ಸಾವಿರಾರು ರೋಗಿಗಳು, ಸಾವಿರಾರು ಆರೋಗ್ಯವಂತರು. ಇಬ್ಬರ ಡಿಎನ್‌ಎಯಲ್ಲೂ ಲಕ್ಷಾಂತರ ಕಡೆ ಅಕ್ಷರ ಹೋಲಿಸಿ ನೋಡುವುದು. 2007ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 2,000 ರೋಗಿಗಳೊಂದಿಗೆ ಮಾಡಿದ ಪ್ರಯತ್ನದಲ್ಲಿ ಹೆಚ್ಚೇನೂ ದಕ್ಕಲಿಲ್ಲ. 2021ರಲ್ಲಿ ಹಲವು ದೇಶಗಳು ಸೇರಿ 41,917 ರೋಗಿಗಳನ್ನು ನೋಡಿದಾಗ 64 ತಾಣಗಳು ಸಿಕ್ಕವು. 2025ರ ಆರಂಭದಲ್ಲಿ 'ನೇಚರ್'ನಲ್ಲಿ ಬಂದ ಅಧ್ಯಯನದಲ್ಲಿ ರೋಗಿಗಳ ಸಂಖ್ಯೆ 1.58 ಲಕ್ಷ, ಹೋಲಿಕೆಗೆ ಇದ್ದವರು 28 ಲಕ್ಷ. ಸಿಕ್ಕ ತಾಣಗಳು 298. ಒಂದೊಂದು ತಾಣದ ಪ್ರಭಾವವೂ ಕಣದಷ್ಟು. ನರಕೋಶದೊಳಗೆ ಕ್ಯಾಲ್ಸಿಯಂ ಹರಿಯುವ ಬಾಗಿಲನ್ನು ಕಟ್ಟುವ 'ಸಿಎಸಿಎನ್‌ಎ1ಸಿ' ಎಂಬ ಜೀನ್ 2008ರಿಂದಲೂ ಸಂಶೋಧಕರ ಬಾಯಲ್ಲಿದೆ. ಅದರ ಅಪಾಯದ ರೂಪ ಜನಸಾಮಾನ್ಯರಲ್ಲಿ ಎಷ್ಟೋ ಮಂದಿಗಿದೆ, ಅವರಲ್ಲಿ ಬಹುತೇಕರು ನೆಟ್ಟಗೇ ಇದ್ದಾರೆ. ಅದೇ ರೂಪ ಸ್ಕಿಜೋಫ್ರೇನಿಯಾ ಎಂಬ ಇನ್ನೊಂದು ಮನೋರೋಗದ ಪಟ್ಟಿಯಲ್ಲೂ ಕಾಣಿಸಿಕೊಳ್ಳುತ್ತದೆ. ವೈದ್ಯರು ಪುಸ್ತಕದಲ್ಲಿ ಎಳೆದ ಗಡಿ ಜೀನುಗಳಿಗೆ ಗೊತ್ತಿಲ್ಲ.

ಈ ಕಣಗಳನ್ನೆಲ್ಲ ಕೂಡಿಸಿ ಒಬ್ಬ ವ್ಯಕ್ತಿಗೆ ಒಂದು ಅಂಕ ಕೊಡಬಹುದು. ಇದಕ್ಕೆ ಪಾಲಿಜೆನಿಕ್ ಸ್ಕೋರ್ ಎನ್ನುತ್ತಾರೆ, ಉಗುಳು ಕಳಿಸಿದರೆ ಅಂಕ ಹೇಳುವ ಕಂಪನಿಗಳೂ ಜಗತ್ತಿನಲ್ಲಿ ಹುಟ್ಟಿಕೊಂಡಿವೆ. 2021ರ ಲೆಕ್ಕದಲ್ಲಿ, ಅಂಕದ ಮೇಲ್ತುದಿಯ ಹತ್ತನೇ ಒಂದು ಪಾಲಿನವರಿಗೆ ನಡುವಿನವರಿಗಿಂತ ಕಾಯಿಲೆಯ ಸಂಭವ ಸುಮಾರು ಮೂರೂವರೆ ಪಟ್ಟು. ಕೇಳಿದರೆ ಎದೆ ಧಸಕ್ ಎನ್ನುತ್ತದೆ. ನಡುವಿನವರಲ್ಲಿ ನೂರಕ್ಕೆ ಒಬ್ಬರಿಗೆ ಕಾಯಿಲೆ ಬರುತ್ತದೆ ಎಂದಿಟ್ಟುಕೊಂಡರೆ, ಮೇಲ್ತುದಿಯ ನೂರರಲ್ಲಿ ಮೂರು ನಾಲ್ಕು ಮಂದಿ. ಉಳಿದ ತೊಂಬತ್ತಾರು ಜನ ಸುಮ್ಮನೆ ಹೆದರಿಕೊಂಡು ಬದುಕಬೇಕು. ಇಡೀ ಅಂಕ ವಿವರಿಸುವುದು ಕಾಯಿಲೆಯ ಒಲವಿನ ಶೇ 5ಕ್ಕಿಂತ ಕಡಿಮೆ ಭಾಗವನ್ನು, ಅದೂ ಯುರೋಪಿಯನ್ ಮೂಲದವರಲ್ಲಿ. ಬೇರೆ ಜನಾಂಗಗಳಿಗೆ ಬಂದರೆ ಅದು ಇನ್ನೂ ಮಂಕಾಗುತ್ತದೆ. 2025ರ ಆ ದೊಡ್ಡ ಅಧ್ಯಯನದಲ್ಲಿ ಯುರೋಪ್, ಪೂರ್ವ ಏಷ್ಯಾ, ಆಫ್ರಿಕನ್-ಅಮೆರಿಕನ್ ಮತ್ತು ಲ್ಯಾಟಿನೋ ಮೂಲದ ಗುಂಪುಗಳಿದ್ದವು. ದಕ್ಷಿಣ ಏಷ್ಯಾದ ಗುಂಪು ಇರಲಿಲ್ಲ. ಹುಬ್ಬಳ್ಳಿಯವರಿಗೋ ಹಾಸನದವರಿಗೋ ಇಂಥ ಅಂಕ ಕೊಟ್ಟು ದುಡ್ಡು ಕೇಳುವವರು ಯಾರದೋ ಅಳತೆಯ ಅಂಗಿ ಮಾರುತ್ತಿದ್ದಾರೆ.

ಇಷ್ಟಕ್ಕೆ ಜೀನ್ ಸಂಶೋಧನೆ ದಂಡ ಎಂದು ತೀರ್ಮಾನಿಸಬಾರದು. ಅದರ ನಿಜವಾದ ಫಲ ಭವಿಷ್ಯ ಹೇಳುವುದರಲ್ಲಿಲ್ಲ, ಮದ್ದಿನ ಗುಟ್ಟು ಬಿಡಿಸುವುದರಲ್ಲಿದೆ. ಲಿಥಿಯಂನ ಕಥೆ ನೋಡಿ.

ಸಿಂಗಪುರದ ಚಾಂಗಿಯಲ್ಲಿ ಜಪಾನಿಯರ ಯುದ್ಧಕೈದಿಯಾಗಿದ್ದು ಮರಳಿದ ಜಾನ್ ಕೇಡ್ ಎಂಬ ಆಸ್ಟ್ರೇಲಿಯಾದ ವೈದ್ಯ, ಮೆಲ್ಬರ್ನ್ ಬಳಿಯ ಬಂಡೂರಾ ಆಸ್ಪತ್ರೆಯಲ್ಲಿ ಗಿನಿಯಿಲಿಗಳನ್ನು ಇಟ್ಟುಕೊಂಡು ಪ್ರಯೋಗ ಮಾಡುತ್ತಿದ್ದರು. ಮೇನಿಯಾ ರೋಗಿಗಳ ಮೂತ್ರದಲ್ಲಿ ಏನೋ ವಿಷವಿದೆ ಎಂಬುದು ಅವರ ಊಹೆ. ಯೂರಿಕ್ ಆಮ್ಲ ನೀರಿನಲ್ಲಿ ಕರಗದ್ದರಿಂದ ಅದರ ಲಿಥಿಯಂ ಲವಣ ಬಳಸಿದರು. ಚುಚ್ಚಿಸಿಕೊಂಡ ಇಲಿಗಳು ಗಲಾಟೆ ಬಿಟ್ಟು ಮಂಕಾಗಿ ಕುಳಿತವು. ಬಹುಶಃ ಅವಕ್ಕೆ ಲಿಥಿಯಂ ನಂಜೇರಿತ್ತು. ಕೇಡ್ ಅದನ್ನು ಶಾಂತಿ ಎಂದು ಓದಿಕೊಂಡರು, ತಾವೇ ನುಂಗಿ ನೋಡಿದರು, ಆಮೇಲೆ ಮೇನಿಯಾದ ಹತ್ತು ರೋಗಿಗಳಿಗೆ ಕೊಟ್ಟರು. ಫಲಿತಾಂಶ 1949ರಲ್ಲಿ ಪ್ರಕಟವಾಯಿತು. ಊಹೆ ಪೂರಾ ತಪ್ಪು, ಮದ್ದು ಮಾತ್ರ ಅಪ್ಪಟ. ಮೊದಲ ರೋಗಿ ವರ್ಷಗಳ ಹುಚ್ಚಾಟದಿಂದ ಹೊರಬಂದು ಕೆಲಸಕ್ಕೆ ಹೋದ. ಮುಂದೆ 1950ರಲ್ಲಿ ಲಿಥಿಯಂ ಮಿತಿಮೀರಿಯೇ ತೀರಿಕೊಂಡ. ಮದ್ದಿನ ಎರಡು ಮುಖಗಳೂ ಆ ಒಬ್ಬನಲ್ಲೇ ಕಂಡುಬಿಟ್ಟಿದ್ದವು.

ಲಿಥಿಯಂ ಯಾಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ದಶಕಗಳ ಕಾಲ ಉತ್ತರವಿರಲಿಲ್ಲ. 1990ರ ದಶಕದಲ್ಲಿ ಅದು 'ಜಿಎಸ್‌ಕೆ-3' ಎಂಬ ಕಿಣ್ವವನ್ನು ತಡೆಯುತ್ತದೆ ಎಂದು ಪ್ರಯೋಗಶಾಲೆಗಳಲ್ಲಿ ಗೊತ್ತಾಯಿತು. 2022ರಲ್ಲಿ ಸುಮಾರು 14,000 ರೋಗಿಗಳ ಜೀನುಗಳನ್ನು ಅಕ್ಷರಶಃ ಓದಿದ ತಂಡವೊಂದಕ್ಕೆ 'ಎಕೆಎಪಿ11' ಎಂಬ ಜೀನ್ ಎದ್ದು ಕಂಡಿತು. ಅದು ಮುರಿದಿರುವುದು ಬಲು ಅಪರೂಪ, ಆದರೆ ಮುರಿದವರಲ್ಲಿ ಅಪಾಯ ಹಲವು ಪಟ್ಟು. ಆ ಜೀನ್ ತಯಾರಿಸುವ ಪ್ರೋಟೀನು ಜೋಡಿಯಾಗುವುದು ಯಾರ ಜೊತೆ? ಅದೇ ಜಿಎಸ್‌ಕೆ-3 ಜೊತೆ. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ, ಒಬ್ಬರು ಇಲಿಗಳಿಂದ, ಇನ್ನೊಬ್ಬರು ಕಂಪ್ಯೂಟರಿನಿಂದ ಹೊರಟು ಒಂದೇ ಬಾಗಿಲಿಗೆ ಬಂದಿದ್ದರು. ಕಿಡ್ನಿ, ಥೈರಾಯ್ಡ್‌ಗೆ ತೊಂದರೆ ಕೊಡದ ಹೊಸ ಲಿಥಿಯಂ ಹುಡುಕುವವರಿಗೆ ಇದು ದೊಡ್ಡ ಸುಳಿವು.

ಇನ್ನು ಮೆದುಳಿನ ಚಿತ್ರಗಳ ಮಾತು.

ಬೈಪೋಲಾರ್ ಇರುವವರ ಮನೆಯ ಫೈಲಿನಲ್ಲಿ ಒಂದು ಎಂಆರ್‌ಐ ರಿಪೋರ್ಟ್ ಇರುವುದು ಅಪರೂಪವಲ್ಲ. ಸಾವಿರಾರು ರೂಪಾಯಿ ಖರ್ಚಾಗಿರುತ್ತದೆ, ಕೊನೆಯ ಸಾಲಿನಲ್ಲಿ 'ಗಮನಾರ್ಹ ದೋಷವಿಲ್ಲ' ಎಂದಿರುತ್ತದೆ. ಅದನ್ನು ಹಿಡಿದು 'ಮೆದುಳು ಸರಿಯಾಗೇ ಇದೆಯಂತೆ, ಇದೆಲ್ಲ ಕೊಬ್ಬು' ಎನ್ನುವ ನೆಂಟರೂ ಇರುತ್ತಾರೆ. ವೈದ್ಯರು ಆ ಸ್ಕ್ಯಾನ್ ಬರೆದದ್ದು ಗೆಡ್ಡೆ, ಪಾರ್ಶ್ವವಾಯು, ಸೋಂಕು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಬೈಪೋಲಾರ್ ಕಾಯಿಲೆಯನ್ನು ಹೌದು ಅಥವಾ ಅಲ್ಲ ಎನ್ನುವ ಸ್ಕ್ಯಾನ್ ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಇಲ್ಲ.

ಹಾಗೆಂದು ಮೆದುಳಿನಲ್ಲಿ ವ್ಯತ್ಯಾಸವೇ ಇಲ್ಲವೇ? ಇದೆ, ಸರಾಸರಿಯಲ್ಲಿದೆ. ಹಲವು ದೇಶಗಳ ಸ್ಕ್ಯಾನುಗಳನ್ನು ಒಟ್ಟು ಹಾಕುವ 'ಎನಿಗ್ಮಾ' ಎಂಬ ಒಕ್ಕೂಟ 2018ರಲ್ಲಿ 6,503 ಮಂದಿಯ ಮೆದುಳಿನ ಹೊರಪದರವನ್ನು ಅಳೆಯಿತು. ಅವರಲ್ಲಿ 2,447 ಮಂದಿ ಬೈಪೋಲಾರ್ ಇರುವವರು. ಹಣೆಯ ಹಿಂದೆ, ಕಣತಲೆಯ ಬದಿಯಲ್ಲಿ ಅವರ ಪದರ ಸ್ವಲ್ಪ ತೆಳುವಾಗಿತ್ತು. ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ತುಸು ಚಿಕ್ಕದು ಎಂದು ಎರಡು ವರ್ಷ ಮೊದಲೇ ಅದೇ ಒಕ್ಕೂಟ ಹೇಳಿತ್ತು. ಆದರೆ 'ಸ್ವಲ್ಪ', 'ತುಸು' ಎಂಬ ಮಾತುಗಳಿಗೆ ಇಲ್ಲಿ ತೂಕ ಹೆಚ್ಚು. ಎರಡೂ ಗುಂಪುಗಳ ಅಳತೆಗಳು ಬಹುಪಾಲು ಒಂದರ ಮೇಲೊಂದು ಬೀಳುತ್ತವೆ. ತೆಳು ಪದರದ ಆರೋಗ್ಯವಂತರು, ದಪ್ಪ ಪದರದ ರೋಗಿಗಳು ಬೇಕಾದಷ್ಟು. ಅದೇ ಒಕ್ಕೂಟ ಸುಮಾರು 3,000 ಜನರ ಸ್ಕ್ಯಾನುಗಳನ್ನು ಕಂಪ್ಯೂಟರಿಗೆ ಕೊಟ್ಟು ರೋಗಿಗಳನ್ನು ಗುರುತಿಸು ಎಂದಾಗ ಅದು ಸರಿ ಹೇಳಿದ್ದು ಶೇ 65ರಷ್ಟು. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದರೂ ಶೇ 50 ಸಿಗುತ್ತದೆ.

ಲಿಥಿಯಂ ತೆಗೆದುಕೊಳ್ಳುತ್ತಿದ್ದವರಲ್ಲಿ ಪದರ ಅಷ್ಟಾಗಿ ತೆಳುವಾಗಿರಲಿಲ್ಲ ಎಂಬುದೂ 2018ರ ಆ ಅಧ್ಯಯನದಲ್ಲಿತ್ತು. ಮದ್ದು ಮೆದುಳನ್ನು ಕಾಯುತ್ತಿದೆಯೋ, ಲಿಥಿಯಂ ಒಗ್ಗುವವರ ಕಾಯಿಲೆಯೇ ಬೇರೆ ಬಗೆಯದೋ ಎಂಬುದನ್ನು ಒಮ್ಮೆ ತೆಗೆದ ಚಿತ್ರ ಹೇಳಲಾರದು. ಕುಟುಂಬದವರ ಸ್ಕ್ಯಾನ್ ಇನ್ನೂ ಸ್ವಾರಸ್ಯದ ಒಗಟು. ಸ್ಕಿಜೋಫ್ರೇನಿಯಾ ರೋಗಿಗಳ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಮೆದುಳಿನ ಕೆಲವು ಭಾಗ ಚಿಕ್ಕದಿದ್ದರೆ, ಬೈಪೋಲಾರ್ ರೋಗಿಗಳ ಹತ್ತಿರದ ಸಂಬಂಧಿಗಳಲ್ಲಿ ತಲೆಬುರುಡೆಯೊಳಗಿನ ಒಟ್ಟು ಗಾತ್ರ ಸರಾಸರಿಯಲ್ಲಿ ಕೊಂಚ ದೊಡ್ಡದೇ ಕಂಡಿತು. ವಂಶದಲ್ಲಿ ಬರುವುದೆಲ್ಲ ಕೊರತೆಯೇ ಎಂಬ ಸರಳ ನಂಬಿಕೆಗೆ ಇದು ಹೊಂದುವುದಿಲ್ಲ.

ಮೆದುಳು ಕೆಲಸ ಮಾಡುತ್ತಿರುವಾಗ ತೆಗೆಯುವ ಬಣ್ಣಬಣ್ಣದ ಎಫ್‌ಎಂಆರ್‌ಐ ಚಿತ್ರಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು. 2009ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಆ ಫೋಟೋದಲ್ಲಿರುವವರ ಭಾವನೆ ಏನೆಂದು ಕೇಳಿದರು. ಲೆಕ್ಕವನ್ನು ಸರಿಯಾಗಿ ತಿದ್ದದೇ ಬಿಟ್ಟಾಗ ಮೀನಿನ ಮೆದುಳಿನಲ್ಲಿ ಒಂದು ಚುಕ್ಕೆ 'ಬೆಳಗಿತು'. ಈ ಪ್ರಯೋಗಕ್ಕೆ 2012ರಲ್ಲಿ ನಗೆ ನೊಬೆಲ್ ಎನ್ನಬಹುದಾದ ಇಗ್ ನೊಬೆಲ್ ಸಿಕ್ಕಿತು. ಇಪ್ಪತ್ತು ಮೂವತ್ತು ರೋಗಿಗಳನ್ನು ಇಟ್ಟುಕೊಂಡು 'ಈ ಜೀನ್ ಇದ್ದವರ ಅಮಿಗ್ಡಲಾ (ಮೆದುಳಿನ ಭಾವನೆಗಳ ಕೇಂದ್ರ) ಹೆಚ್ಚು ಉರಿಯುತ್ತದೆ' ಎಂದು ಬರೆದ ಎಷ್ಟೋ ಪ್ರಬಂಧಗಳು ಆ ದಶಕದಲ್ಲಿ ಬಂದವು, ಎಷ್ಟೋ ಮತ್ತೆ ಕಾಣಿಸಲಿಲ್ಲ. ಮೆದುಳಿನ ಅಳತೆಗೂ ವರ್ತನೆಗೂ ನಂಟು ಹುಡುಕಲು ಸಾವಿರಾರು ಜನರೇ ಬೇಕು ಎಂದು 2022ರಲ್ಲಿ 'ನೇಚರ್' ಪ್ರಬಂಧವೊಂದು ಲೆಕ್ಕ ಹಾಕಿ ತೋರಿಸಿತು.

ಬೆಂಗಳೂರಿನಲ್ಲಿ ನಡೆಯುತ್ತಿರುವ ಕೆಲಸ ಈ ಸಾವಿರಾರು ಜನರ ಲೆಕ್ಕಕ್ಕೆ ವಿರುದ್ಧ ದಿಕ್ಕಿನದು. ನಿಮ್ಹಾನ್ಸ್ ಆಸ್ಪತ್ರೆ, ಜಿಕೆವಿಕೆ ಆವರಣದ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ 2016ರಲ್ಲಿ ಒಂದು ಯೋಜನೆ ಶುರು ಮಾಡಿದವು. ಒಬ್ಬರಿಗಿಂತ ಹೆಚ್ಚು ಮಂದಿಗೆ ತೀವ್ರ ಮನೋರೋಗ ಇರುವ ಕುಟುಂಬಗಳನ್ನು ಹುಡುಕಿ, ಕಾಯಿಲೆ ಇರುವವರನ್ನೂ ಇಲ್ಲದ ಒಡಹುಟ್ಟಿದವರನ್ನೂ ಒಟ್ಟಿಗೆ ವರ್ಷಗಟ್ಟಲೆ ಗಮನಿಸುವುದು. ಬೈಪೋಲಾರ್, ಸ್ಕಿಜೋಫ್ರೇನಿಯಾ, ಗೀಳು ರೋಗ, ವ್ಯಸನ, ಮರೆವಿನ ಕಾಯಿಲೆ ಐದೂ ಅದರಲ್ಲಿವೆ. ಸ್ಕ್ಯಾನ್, ಇಇಜಿ, ಕಣ್ಣಿನ ಚಲನೆಯ ಅಳತೆ, ಜೀನ್ ಓದುವಿಕೆ ಎಲ್ಲವೂ ಒಬ್ಬರ ಮೇಲೆಯೇ. ಆಮೇಲೆ ರಕ್ತ. ಅದರ ಕೋಶಗಳಿಗೆ, ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ತೋರಿಸಿದ ವಿಧಾನದಂತೆ, ತಮ್ಮ ರಕ್ತದ ಗುರುತು ಮರೆತು ಆಕರಕೋಶಗಳಾಗುವಂತೆ ಮಾಡುತ್ತಾರೆ. ಆಕರಕೋಶಗಳನ್ನು ವಾರಗಟ್ಟಲೆ ಪೋಷಿಸಿ ನರಕೋಶಗಳತ್ತ ತಿರುಗಿಸುತ್ತಾರೆ. ಕೊನೆಗೆ ಗಾಜಿನ ತಟ್ಟೆಯಲ್ಲಿ ಅಕ್ಕನ ಕೋಶಗಳು, ಪಕ್ಕದ ತಟ್ಟೆಯಲ್ಲಿ ಕಾಯಿಲೆಯಿಲ್ಲದ ತಮ್ಮನ ಕೋಶಗಳು. ಅರ್ಧ ಜೀನುಗಳು ಒಂದೇ, ಮನೆಯೂ ಒಂದೇ. ವ್ಯತ್ಯಾಸ ಎಲ್ಲಿ ಕವಲೊಡೆಯುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ಹುಡುಕಬಹುದು, ಮೇಲೆ ಲಿಥಿಯಂ ಹನಿಸಿ ಯಾರ ಕೋಶ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ನೋಡಬಹುದು. ತಟ್ಟೆಯ ಕೋಶಗಳಿಗೆ ಮೇನಿಯಾ ಬರುವುದಿಲ್ಲ ಎಂಬುದು ಅದರ ಮಿತಿ. 2023ರಲ್ಲಿ ದಾನಿ ರೋಹಿಣಿ ನಿಲೇಕಣಿ ಅವರ ನೆರವಿನಿಂದ ಇದೇ ಐದು ಕಾಯಿಲೆಗಳ ಅಧ್ಯಯನಕ್ಕೆ ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್ ಸೇರಿ ಕೇಂದ್ರವೊಂದನ್ನು ಸ್ಥಾಪಿಸಿದವು. ಏಷ್ಯಾದ ರೋಗಿಗಳ ಡಿಎನ್‌ಎ ಸಂಗ್ರಹಿಸುವ ಬೈಪೋಲಾರ್ ಜಾಲದಲ್ಲಿ ಭಾರತ, ಪಾಕಿಸ್ತಾನ ಎರಡೂ ಇವೆ. ಭಾರತದ ಆಸ್ಪತ್ರೆಗಳ ದಾಖಲೆಗಳಲ್ಲಿ ಖಿನ್ನತೆಗಿಂತ ಮೇನಿಯಾದ ಸರದಿಗಳೇ ಹೆಚ್ಚು ಎಂಬ ವರದಿಗಳು ಹಿಂದಿನಿಂದಲೂ ಇವೆ, ಪಶ್ಚಿಮದಲ್ಲಿ ತದ್ವಿರುದ್ಧ. ಹೊರಗಿನ ಅಂಕಗಳನ್ನು ಹಾಗೇ ಎರವಲು ತರಬಾರದು ಎನ್ನಲು ಇದೊಂದೇ ಸಾಕು.

ಕುಟುಂಬಗಳು ಕೇಳುವ ಪ್ರಶ್ನೆ ಮಾತ್ರ ಕಾಯುವುದಿಲ್ಲ: ಮದುವೆ ಮಾಡಬಹುದೇ, ಮಗುವಿಗೆ ಬಂದರೆ? ಮುಚ್ಚಿಟ್ಟು ಮದುವೆ ಮಾಡುವುದು ನಮ್ಮಲ್ಲಿ ಹೊಸತೇನಲ್ಲ. ಹೊಸ ಮನೆಯಲ್ಲಿ ಯಾರಾದರೂ ನೋಡಿಯಾರೆಂದು ಗುಳಿಗೆ ಬಿಡುವುದು, ನಿದ್ದೆಗೆಟ್ಟ ಮದುವೆ ವಾರದ ಬೆನ್ನಿಗೇ ಮೇನಿಯಾ ಮರಳುವುದು ಮನೋವೈದ್ಯರು ಮತ್ತೆ ಮತ್ತೆ ಕಾಣುವ ಸರಣಿ. ಜೀನಿನ ಭಯ ದೊಡ್ಡದಾಗಿ, ಗುಳಿಗೆಯ ಹೆಸರು ಯಾರ ಗಮನಕ್ಕೂ ಬರದೆ ಹೋಗುತ್ತದೆ. ಈ ಕಾಯಿಲೆಗೆ ಕೊಡುವ ಸೋಡಿಯಂ ವಾಲ್ಪ್ರೊಯೇಟನ್ನು ಗರ್ಭಿಣಿಯರು ತೆಗೆದುಕೊಂಡರೆ ಹತ್ತರಲ್ಲಿ ಒಂದು ಮಗುವಿಗೆ ಅಂಗವೈಕಲ್ಯದ ಅಪಾಯವಿದೆ, ಮೂರ‍್ನಾಲ್ಕು ಮಕ್ಕಳಿಗೆ ಬೆಳವಣಿಗೆಯ ತೊಂದರೆ ಆಗಬಹುದು. ಆ ಗುಳಿಗೆ ನುಂಗುವ ಯುವತಿಗೆ ಮದುವೆಗೆ ಮೊದಲೇ ವೈದ್ಯರ ಜೊತೆ ಕೂತು ಮದ್ದು ಬದಲಿಸಿಕೊಳ್ಳುವ ಅವಕಾಶ ಸಿಗಬೇಕು. ತಾನಾಗಿಯೇ ಗುಳಿಗೆ ನಿಲ್ಲಿಸುವುದು ಇನ್ನೊಂದು ಅಪಾಯ.

ಜೀನ್ ಪರೀಕ್ಷೆಯೊಂದು ಚಿಕಿತ್ಸೆಯಲ್ಲಿ ಈಗಾಗಲೇ ಬಳಕೆಯಲ್ಲಿದೆ, ಅದಕ್ಕೂ ಕಾಯಿಲೆಯ ಭವಿಷ್ಯಕ್ಕೂ ಸಂಬಂಧವಿಲ್ಲ. ಬೈಪೋಲಾರ್‌ಗೂ ಕೊಡುವ ಕಾರ್ಬಮಜೆಪೀನ್ ಎಂಬ ಮದ್ದು ಕೆಲವರ ಚರ್ಮವನ್ನು ಸುಟ್ಟ ಗಾಯದಂತೆ ಕೀಳಿಸಿ ಜೀವಕ್ಕೇ ಎರವಾಗಬಹುದು. 'ಎಚ್‌ಎಲ್‌ಎ-ಬಿ 1502' ಎಂಬ ಜೀನ್ ರೂಪ ಇರುವವರಲ್ಲಿ ಆ ಅಪಾಯ ಬಹಳ ಹೆಚ್ಚು, ಅದು ಕಾಣುವುದು ಮುಖ್ಯವಾಗಿ ಏಷ್ಯಾದ ಜನರಲ್ಲಿ. ಮದ್ದು ಆರಂಭಿಸುವ ಮೊದಲು ಅವರಲ್ಲಿ ಅದನ್ನು ಪರೀಕ್ಷಿಸಿ ಎಂದು ಅಮೆರಿಕದ ಔಷಧ ನಿಯಂತ್ರಕರು 2007ರಲ್ಲೇ ಸೂಚಿಸಿದರು.

ಸದ್ಯಕ್ಕೆ ಬೈಪೋಲಾರ್ ರೋಗಿಯ ದಿನನಿತ್ಯದ ಚಿಕಿತ್ಸೆಯನ್ನು ತಿದ್ದುವ ರಕ್ತಪರೀಕ್ಷೆ ಅದಕ್ಕಿಂತಲೂ ಸಾದಾ, ಜೀನೋಮಿನ ಯಂತ್ರ ಬೇಡದ, ಜಿಲ್ಲಾ ಕೇಂದ್ರದ ಲ್ಯಾಬಿನಲ್ಲೂ ಮಾಡಬಹುದಾದ ಲಿಥಿಯಂ ಮಟ್ಟ. ರಾತ್ರಿಯ ಗುಳಿಗೆ ನುಂಗಿ ಹನ್ನೆರಡು ಗಂಟೆ ಕಳೆದ ಮೇಲೆ, ಬೆಳಗಿನ ಗುಳಿಗೆಗೆ ಮುಂಚೆ ರಕ್ತ ಕೊಡಬೇಕು. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಬೇಕು, 1.5 ದಾಟಿದರೆ ನಂಜು. ಬೇಸಿಗೆಯಲ್ಲಿ ಬೆವರು ಸುರಿದಾಗ, ವಾಂತಿಭೇದಿಯಾದಾಗ, ಮೊಣಕಾಲು ನೋವಿಗೆಂದು ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್ ತಂದು ನುಂಗಿದಾಗ ಅದು ಏರುತ್ತದೆ. ಕೈ ನಡುಕ ಹೆಚ್ಚಿ, ನಡಿಗೆ ತೂರಾಡಿ, ಮಾತು ತೊದಲಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕಿಡ್ನಿ ಮತ್ತು ಥೈರಾಯ್ಡ್ ಪರೀಕ್ಷೆಯನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮಾಡಿಸುತ್ತಾರೆ.